ಟ್ಯಾಂಕಿನ ಮುಚ್ಚಳ

ಮಗನ ಹಳೆಯ ಬೈಕು ಹೆದ್ದಾರಿಯ ನಡುವೆ ತಾನಾಗಿ ನಿಂತಿತೆಂದೂ, ಹಿಂದಿನಿಂದ ಬಂದ ಲಾರಿ ಅವನನ್ನು ಉಳಿಸಲಿಲ್ಲವೆಂದೂ ಶುಕ್ರವಾರ ಸಂಜೆ ಸುದ್ದಿ ಬಂತು.

ತಿಥಿ ಮುಗಿದ ಮೇಲೆ, ಠಾಣೆಯಿಂದ ಮನೆಗೆ ತಂದಿದ್ದ ಬೈಕನ್ನು ನೋಡಲು ಮೆಕ್ಯಾನಿಕ್‌ನನ್ನು ಕರೆಸಿದೆ.

"ಪೆಟ್ರೋಲ್ ತುಂಬಿತ್ತಲ್ಲಪ್ಪಾ, ಯಾಕೆ ನಿಂತೋಯ್ತು?"

ಅವನು ಟ್ಯಾಂಕಿನ ಮುಚ್ಚಳವನ್ನು ಸೂಜಿಯಿಂದ ಕೆದಕಿದ.

"ಇದು ಗಾಳಿ ಹೋಗೋ ತೂತು, ಯಜಮಾನ್ರೇ. ಮುಚ್ಕೊಂಡ್ರೆ ಪೆಟ್ರೋಲ್ ಕೆಳಗಿಳಿಯಲ್ಲ, ಗಾಡಿ ಓಡ್ತಾ ಓಡ್ತಾನೇ ನಿಂತೋಗುತ್ತೆ. ಇದ್ರಲ್ಲಿ ಏನೋ ಒಣಗಿ ಕಲ್ಲಾಗಿದೆ, ನೋಡಿ."

ಮೂಸಿ ನೋಡಿದೆ.

ಅವನು ಹೋದ ಮೇಲೆ ಹೆಂಡತಿ ಹೊರಗೆ ಬಂದಳು. "ಏನಂತೆ?"

"ಇಂಜಿನ್ ಹಳೇದಾಗಿತ್ತಂತೆ ಕಣೇ."

ಅವಳು ಕೈಲಿದ್ದ ಬಟ್ಟಲಿನಿಂದ ಗಂಧ ತೆಗೆದು ಮುಚ್ಚಳಕ್ಕೆ ಹಚ್ಚಿ ಕೈಮುಗಿದಳು.

"ನಂಜುಂಡೇಶ್ವರಾ, ವಾರವಾರ ಇಲ್ಲೇ ಗಂಧ ಇಟ್ರೂ ನೀನು ಕಾಯ್ಲಿಲ್ಲ. ನನ್ನ ಕಂದನಿಗೆ ಇನ್ನಾದ್ರೂ ಶಾಂತಿ ಕೊಡಪ್ಪಾ."