ಮೀನಿನ ಜಪ

ಆಂಜನೇಯನ ಗುಡಿಯ ಕೊಳಕ್ಕೆ ಕೊಳವೆ ಬಾವಿಯ ನೀರು ಬಿಟ್ಟ ಮೇಲೆ ಮೀನುಗಳಿಗೆ ಭಕ್ತಿ ಹುಟ್ಟಿತು. ಬೆಳಗಿನ ಪೂಜೆಯ ಹೊತ್ತಿಗೆ ಅವೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ರಾಮನಾಮ ಹೇಳುತ್ತಿವೆ ಎಂದು ಜನ ಕೈಮುಗಿದರು. ಶನಿವಾರವಂತೂ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ.

ಮೀನುಗಾರಿಕೆ ಇಲಾಖೆಯ ಅಧಿಕಾರಿಣಿಯೊಬ್ಬರು ಹಣ್ಣುಕಾಯಿ ಮಾಡಿಸಲು ಬಂದವರು ಕೊಳ ನೋಡಿ ಧರ್ಮದರ್ಶಿಯನ್ನು ಪಕ್ಕಕ್ಕೆ ಕರೆದರು.

"ಇದು ಜಪ ಅಲ್ಲ ಸ್ವಾಮಿ, ಉಸಿರು ಸಿಗದೆ ಒದ್ದಾಡ್ತಿವೆ. ಆಳದಿಂದ ಬರೋ ನೀರಲ್ಲಿ ಆಮ್ಲಜನಕ ಇಲ್ಲ. ಪೈಪಿನ ಬಾಯಿಗೆ ಒಂದು ಜರಡಿ ಕಟ್ಟಿಸಿ. ನೀರು ಎತ್ತರದಿಂದ ಹನಿಹನಿಯಾಗಿ ಬಿದ್ರೆ ಗಾಳಿ ಬೆರೆಯುತ್ತೆ."

"ರಾಮ ರಾಮ, ಎಂಥ ಪಾಪ ಮಾಡ್ತಿದ್ವಿ" ಎಂದ ಧರ್ಮದರ್ಶಿ ಅಂದೇ ಜರಡಿ ಕಟ್ಟಿಸಿದರು.

ಮೀನುಗಳು ತಳಕ್ಕಿಳಿದವು. ಜನ ಬಂದು, ಬಗ್ಗಿ ನೋಡಿ, ಹೊರಟುಹೋದರು. ಮೂರನೆಯ ಶನಿವಾರ ಮೆಟ್ಟಿಲು ಖಾಲಿಯಿತ್ತು. ಧರ್ಮದರ್ಶಿ ಅಧಿಕಾರಿಣಿಗೆ ಫೋನ್ ಮಾಡಿದರು.

"ಒಂದು ರಾತ್ರಿ ಜರಡಿ ಬಿಚ್ಚಿಟ್ರೆ ಮೀನು ಸಾಯ್ತವಾ ಮೇಡಂ?"

"ಸಾಯಲ್ಲ, ಬೆಳಿಗ್ಗೆ ಒದ್ದಾಡ್ತವೆ. ಯಾಕೆ?"

"ಅಷ್ಟು ಸಾಕು ಮೇಡಂ. ಶನಿವಾರದ ಪೂಜೆ ಮುಗೀತಿದ್ದಂಗೆ ಮತ್ತೆ ಕಟ್ಟಿಸ್ತೀವಿ."