ಹಲ್ಲಿನ ಸಂತಳ ನಿಜವಾದ ಮುಖ

ಕುರ್ಚಿಗೆ ಒರಗಿ ಬಾಯಿ ತೆರೆದವನಿಗೆ ಹಲ್ಲುನೋವೇ ಇರಲಿಲ್ಲ. ಅರವತ್ತು ದಾಟಿದರೂ ಅವನ ಹಲ್ಲುಗಳು ಕಬ್ಬಿಣದ ಕಡಲೆ ಕೊಟ್ಟರೂ ಅಗಿಯುವಂಥವು. ಅವನ ಕಣ್ಣಿದ್ದದ್ದು ಡಾಕ್ಟರಮ್ಮನ ತಲೆಯ ಹಿಂದಿನ ಗೋಡೆಯ ಮೇಲೆ.

ಅಲ್ಲೊಂದು ಹಳೆಯ ಅಚ್ಚುಚಿತ್ರ ತೂಗುತ್ತಿತ್ತು. ಸಂತ ಅಪೊಲೋನಿಯಾ. ಹಲ್ಲುನೋವು ತಾಳಲಾರದ ಕ್ಯಾಥೊಲಿಕರು ಮೊರೆಹೋಗುವವಳು. ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲೊಂದು ಹಲ್ಲು.

ಅವನನ್ನು ಬಲ್ಲವರೆಲ್ಲ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಹಳೆಯ ಚಿತ್ರಗಳನ್ನು ಕೂಡಿಡುವ ಹುಚ್ಚು, ಅದರಲ್ಲೂ ಈ ಸಂತಳ ಹುಚ್ಚು. ಮರದಚ್ಚಿನವು, ತಾಮ್ರದ ತಗಡಿನಿಂದ ತೆಗೆದವು, ತೈಲಚಿತ್ರಗಳ ನಕಲುಗಳು, ಅವನ ಕಪಾಟಿನ ತುಂಬ ಅವಳೇ. ಆದರೆ ಎಲ್ಲದರಲ್ಲೂ ಹದಿನೆಂಟರ ಹುಡುಗಿ. ಗುಲಾಬಿ ಕೆನ್ನೆ, ರೇಷ್ಮೆಯ ನಿಲುವಂಗಿ, ಮದುವೆಗೆ ಹೊರಟವಳ ಕಳೆ. ಇಕ್ಕಳ ಹಿಡಿದದ್ದೂ ಹೂವು ಹಿಡಿದಂತೆ.

ಹಳೆಯ ಕಥೆಯೇ ಬೇರೆ. ಅವಳು ವಯಸ್ಸಾದವಳು, ಅವಳ ಧರ್ಮ ಸಹಿಸದವರು ದವಡೆಗೆ ಹೊಡೆದು ಹೊಡೆದು ಹಲ್ಲು ಉದುರಿಸಿದ್ದರು. ಎಲ್ಲೋ ಒಬ್ಬ ಪ್ರಾಮಾಣಿಕ ಕೆತ್ತನೆಗಾರ ಅವಳನ್ನು ಮುದುಕಿಯಾಗಿಯೇ ಕೆತ್ತಿರಬೇಕು ಎಂದು ಸಂಗ್ರಾಹಕರ ಸಂಘದಲ್ಲಿ ಭೂತಗನ್ನಡಿ ಹರೆಯದಿಂದಲೂ ವಾದಿಸುತ್ತಾ ಬಂದಿದ್ದ. ಸಂಘ ನಗುತ್ತಾ ಬಂದಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಸಂಘದ ಅಧ್ಯಕ್ಷ, ಅವನ ಸ್ವಂತ ಷಡ್ಡಕ.

"ನಿನ್ನ ಮುದುಕಿ ಸಿಕ್ಕಿದ ದಿನ ಹೇಳಯ್ಯಾ, ಈ ಕುರ್ಚಿ ನಿನಗೇ ಬಿಟ್ಟುಕೊಡ್ತೀನಿ."

ಈಗ ಆ ಮುದುಕಿ ಗೋಡೆಯ ಮೇಲಿದ್ದಳು. ಕುಳಿಬಿದ್ದ ಕೆನ್ನೆ, ಒಳಗೆ ಹೋದ ತುಟಿ, ಹಣೆಯ ತುಂಬ ಸುಕ್ಕು.

ದಾರಿ ತೋರಿಸಿದವನೂ ಷಡ್ಡಕನೇ, ತಿಳಿಯದೆ. ಹೋದ ಸಭೆಯಲ್ಲಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಪಿಸುಗುಟ್ಟಿದ್ದ: "ಆ ಸಂದಿಯ ಡಾಕ್ಟರಮ್ಮನ ಹತ್ರ ಮಾತ್ರ ಹೋಗ್ಬೇಡಪ್ಪಾ." ಷಡ್ಡಕ ಬೇಡ ಎಂದರೆ ಅಲ್ಲೇನೋ ಇದೆ ಎಂದೇ ಅರ್ಥ. ಮರುದಿನವೇ ಭೂತಗನ್ನಡಿ ಕಿಟಕಿಯಿಂದ ಇಣುಕಿ ನೋಡಿದ್ದ.

ಸಂಘದಲ್ಲೂ ಈಚೆಗೆ ಮೊದಲಿನ ಕಳೆ ಇರಲಿಲ್ಲ. ಜಗಳವಿಲ್ಲ, ನಗುವಿಲ್ಲ. ಬಿಸ್ಕತ್ತನ್ನು ಕೂಡ ಚಹಾದಲ್ಲಿ ನೆನೆಸಿ ನೆನೆಸಿ ಬಾಯಿಗಿಡುತ್ತಿದ್ದರು. ಪಾಪ, ಎಲ್ಲರಿಗೂ ವಯಸ್ಸಾಯಿತು ಎಂದುಕೊಂಡಿದ್ದ.

"ನೋವು ಎಲ್ಲಿ?" ಡಾಕ್ಟರಮ್ಮ ಕೇಳಿದರು.

ಚಿತ್ರದಿಂದ ಕಣ್ಣು ಕೀಳದೆ ಕೈಗೆ ಸಿಕ್ಕ ಹಲ್ಲಿನ ಮೇಲೆ ಬೆರಳಿಟ್ಟ.

"ಎಡಗಡೆ, ಮೇಲಿನದು. ಎಲ್ಲರೂ ಇದನ್ನೇ ತೋರಿಸ್ತಾರೆ." ಅವರು ನಿಟ್ಟುಸಿರಿಟ್ಟರು.

"ಆ ಪಟ ನೋಡಿ ಮಕ್ಕಳು ಹೆದರಲ್ವಾ?" ಮಾತಿಗೆ ಮಾತು ಬಂದಂತೆ ಕೇಳಿದ. ಬೆಲೆ ಕೇಳಿದರೆ ಕೆಟ್ಟಿತು. ಬೆಲೆಯಿದೆ ಎಂಬುದು ಆಕೆಗೆ ಗೊತ್ತಾಗಿಬಿಡುತ್ತದೆ.

"ಹೆದರ್ತಾರೆ. ನಮ್ಮತ್ತೆದು ಅದು. ಬೇಕಾದ್ರೆ ತಗೊಂಡು ಹೋಗಿ."

ಅವನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ.

"ಆದ್ರೆ ಅತ್ತೆ ಒಂದು ಮಾತು ಹೇಳಿ ಹೋಗಿದಾರೆ. ಇಲ್ಲಿ ಹಲ್ಲು ಕೀಳಿಸಿಕೊಂಡವರಿಗೆ ಮಾತ್ರ ಕೊಡಬೇಕಂತೆ. ನಿಮ್ಮದು ಗಟ್ಟಿಯಾಗೇ ಇದೆಯಲ್ಲ. ಮಾತ್ರೆ ಬರ್ಕೊಡ್ಲಾ?"

"ಬೇಡ, ಬೇಡ! ಕಿತ್ತೇಬಿಡಿ. ರಾತ್ರಿಯೆಲ್ಲ ನಿದ್ದೆಯಿಲ್ಲ."

"ಇನ್ನೊಂದ್ಸಲ ಯೋಚನೆ ಮಾಡಿ."

"ಮಾಡಿಯೇ ಬಂದಿದೀನಿ."

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಇಲ್ಲಿ ಹಲ್ಲು ಕೊಟ್ಟೇ ಕಡಲೆ ಕೊಳ್ಳಬೇಕಿತ್ತು. ಸೂಜಿಮದ್ದು ಕೊಟ್ಟರೂ ಆ ಹಲ್ಲು ಸುಲಭಕ್ಕೆ ಬಗ್ಗಲಿಲ್ಲ. ಡಾಕ್ಟರಮ್ಮ ಒಂದು ಕಾಲನ್ನು ಕುರ್ಚಿಗೆ ಆನಿಸಿ ಎಳೆದರು. ಭೂತಗನ್ನಡಿ ಕಣ್ಣೀರಿನ ನಡುವೆ ಸಂತಳನ್ನೇ ನೋಡುತ್ತಿದ್ದ. ಇಷ್ಟು ವರ್ಷ ಅವಳ ಕಾಗದ, ಮಸಿ, ಗೆರೆಗಳನ್ನಷ್ಟೇ ಪ್ರೀತಿಸಿದ್ದ. ಇವತ್ತು ಅವಳ ಮೇಲೆಯೇ ಕರುಣೆ ಉಕ್ಕಿತು.

ಮನೆಯಲ್ಲಿ ಹೆಂಡತಿ ಹಣೆ ಚಚ್ಚಿಕೊಂಡಳು. "ಚೆನ್ನಾಗಿದ್ದ ಹಲ್ಲನ್ನ ಯಾರಾದ್ರೂ ಕೀಳಿಸ್ತಾರೇನ್ರೀ? ಅಕ್ಕನೂ ಮೊನ್ನೆ ಹೀಗೇ ಗೊಣಗ್ತಿದ್ಲು, ಭಾವ..."

"ನಿಮ್ಮಕ್ಕ ಗೊಣಗದ ದಿನ ಯಾವುದು?" ಎಂದು ಅವಳ ಬಾಯಿ ಮುಚ್ಚಿಸಿದ.

ಅವನ ಹೆಸರಿಗೇ ಕಾರಣವಾದ ಗಾಜು ಜೇಬಿನಲ್ಲೇ ಉಳಿಯಿತು. ಒಂದು ಹಲ್ಲು ತೆತ್ತು ತಂದದ್ದನ್ನು ಅನುಮಾನಿಸುವ ಮನಸ್ಸು ಅವನಿಗೆ ಬರಲಿಲ್ಲ. ಮುದುಕಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟು, ಸಭೆಯಲ್ಲಿ ಆಡಬೇಕಾದ ಮಾತುಗಳನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. ನಕ್ಕವರ ಹೆಸರನ್ನೆಲ್ಲ ಒಂದೊಂದಾಗಿ ಎತ್ತಿ ಆಡುವುದೆಂದು ನಿರ್ಧರಿಸಿದ.

ಸಭೆಗೆ ಊದಿದ ಕೆನ್ನೆ ಹೊತ್ತುಕೊಂಡೇ ಹೋದ. ಅಪರೂಪಕ್ಕೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ.

"ಏನಯ್ಯಾ, ಸಿಕ್ಕಿದಳಾ?" ಷಡ್ಡಕನ ದನಿಯಲ್ಲಿ ಎಂದಿಲ್ಲದ ಅಕ್ಕರೆ.

ಭೂತಗನ್ನಡಿ ಬಟ್ಟೆ ಬಿಚ್ಚಿ, ಚಿತ್ರವನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದ. ಕೋಣೆ ಗಪ್‌ಚಿಪ್ ಆಯಿತು. ಅವನು ಬಯಸಿದ್ದೂ ಇದನ್ನೇ. ಆದರೆ ಒಬ್ಬರ ಕಣ್ಣೂ ಚಿತ್ರದ ಮೇಲಿರಲಿಲ್ಲ.

"ಬಾಯಿ ತೆಗಿ," ಎಂದ ಷಡ್ಡಕ.

"ಏನು?"

"ಪಟ ಆಮೇಲೆ ನೋಡೋಣ. ಮೊದಲು ಬಾಯಿ ತೆಗಿ."

ಗಲಿಬಿಲಿಯಲ್ಲಿ ತೆರೆದ. ಷಡ್ಡಕ ಎದ್ದು ಬಂದು, ಬಗ್ಗಿ, ಇಣುಕಿ ನೋಡಿದ. ಆಮೇಲೆ ತನ್ನ ಬಾಯಿಗೆ ಹಿಡಿದಿದ್ದ ಕರವಸ್ತ್ರವನ್ನು ಮಡಿಸಿ ಜೇಬಿಗೆ ಸೇರಿಸಿದ.

"ಈ ಮುದುಕಿ ನಮ್ಮೆಲ್ಲರ ಮನೇಲೂ ಇದಾಳೆ. ಸಂಘದಲ್ಲಿ ನೀನೊಬ್ಬನೇ ಬಾಕಿ ಇದ್ದೆ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಸಭೆಗೆ ಸಭೆಯೇ ಬಾಯಿ ತುಂಬ ನಕ್ಕಿತು.

ಆ ಅಷ್ಟೂ ಬಾಯಿಗಳಲ್ಲಿ, ಎಡಗಡೆ, ಮೇಲೆ, ಒಂದು ಹಲ್ಲು ಇರಲಿಲ್ಲ.