ನೊರೆ ಮೆತ್ತಿದ ಸೆಲ್ಯೂಟ್

ಸೋಪಿನ ನೊರೆ ಮೆತ್ತಿದ ಕೈಯಲ್ಲೇ ಪೇದೆ ಸೆಲ್ಯೂಟ್ ಹೊಡೆದ. ನೊರೆ ಹಣೆಯಿಂದ ಹುಬ್ಬಿಗೆ ಇಳಿಯಿತು. ಅವನ ಕಾಲ ಬಳಿ ಹಿರಿಯ ಪೊಲೀಸ್ ಸಾಹೇಬರ ನಾಯಿ ಅರ್ಧ ಸ್ನಾನದಲ್ಲಿ ನಡುಗುತ್ತಿತ್ತು. ಸಾಹೇಬರ ಮನೆಯ ಗೇಟಿನೊಳಗೆ ಕಾಲಿಟ್ಟ ಸಬ್ ಇನ್‌ಸ್ಪೆಕ್ಟರಮ್ಮನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಅವನು ಅವಳ ಠಾಣೆಯವನು. ಹೂಕುಂಡಕ್ಕೆ ಮಣ್ಣು ತುಂಬುತ್ತಿದ್ದವನೂ, ಕಾರು ಒರೆಸುತ್ತಿದ್ದವನೂ ಅವಳ ಠಾಣೆಯವರೇ. ತುರ್ತು ಬಂದೋಬಸ್ತಿಗೆ ಬೇಕು ಎಂದು ಸಾಹೇಬರು ಕರೆಸಿಕೊಂಡವರು ಇವರೇ! ಒಬ್ಬನನ್ನಾದರೂ ವಾಪಸ್ ಕಳಿಸಿ ಎಂದು ಬೇಡಿಕೊಳ್ಳಲು ಅವಳು ಬಂದಿದ್ದಳು.

ಅವಳ ಬೆನ್ನ ಹಿಂದೆ, ತುಟಿ ಒಡೆದು ರಕ್ತ ಒರೆಸಿಕೊಳ್ಳುತ್ತಿದ್ದ ಟೈಲರ್ ಹೆಂಗಸು ಅಂಗಳವನ್ನೆಲ್ಲ ಒಮ್ಮೆ ನೋಡಿದಳು. ಪುಂಡನೊಬ್ಬ ದಿನಾ ಅಂಗಡಿಗೆ ಬಂದು ಕಾಟ ಕೊಡುತ್ತಾನೆ, ಸಂಜೆ ಹೊತ್ತು ಒಬ್ಬ ಪೇದೆಯನ್ನು ನಿಲ್ಲಿಸಿ ಎಂದು ಅವಳು ಠಾಣೆಗೆ ಅಲೆದು ಅಲೆದು ಸಾಕಾಗಿದ್ದಳು. ಇವತ್ತು ಅವನು ಕೈ ಮಾಡಿದ್ದ. ದೂರು ಹೇಳಲು ಓಡಿಬಂದವಳನ್ನು ಸಬ್ ಇನ್‌ಸ್ಪೆಕ್ಟರಮ್ಮ ಜೀಪಿನಲ್ಲಿ ಜೊತೆಗೇ ಕರೆತಂದಿದ್ದಳು.

"ಜನಾನೇ ಇಲ್ಲ ಅಂತಿದ್ರಲ್ಲಮ್ಮಾ?" ಎಂದಳು.

ಸಬ್ ಇನ್‌ಸ್ಪೆಕ್ಟರಮ್ಮನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಬೇಡಿಕೊಳ್ಳಲು ಬಂದದ್ದನ್ನೇ ಮರೆತಳು. "ಟೋಪಿ ಹಾಕ್ಕೊಳ್ಳಿ! ಮೂರೂ ಜನ ಜೀಪ್ ಹತ್ತಿ!" ಎಂದು ಕಿರುಚಿದಳು. ಮಣ್ಣಿನ ಕೈಯವನು ಎದ್ದ, ಕಾರಿನವನು ಬಟ್ಟೆ ಬಿಸಾಡಿದ.

ಗದ್ದಲ ಕೇಳಿ ಸಾಹೇಬರು ಲುಂಗಿಯಲ್ಲೇ ಹೊರಗೆ ಬಂದರು. "ಏನ್ರೀ ಇದು? ಯಾರನ್ನ ಕೇಳಿ ಕರ್ಕೊಂಡು ಹೋಗ್ತಿದ್ದೀರಿ?"

ಅವಳು ನೆಲದಲ್ಲಿ ನೀರು ಸುರಿಸುತ್ತ ಬಿದ್ದಿದ್ದ ಪೈಪನ್ನು ಎತ್ತಿ ಅವರ ಕೈಗೆ ತುರುಕಿದಳು.

"ಬೇಗ ನೀರು ಬಿಡಿ ಸರ್. ಪಾಪ, ನಾಯಿ ಕಣ್ಣಿಗೆ ಸೋಪು ಇಳೀತಿದೆ."